ಹುಂಜವೋ ಹೇಂಟೆಯೋ? ಫಾರಂ ಕೋಳಿಯ ಬಗ್ಗೆ ಕೆಲವು ವಿಚಾರಗಳು

ನಮ್ಮ ಸಂಘದ ಸದಸ್ಯರಲ್ಲಿ ಮಾಂಸಾಹಾರಿಗಳಾದವರ ಮನೆಗಳಲ್ಲಿ ಭಾನುವಾರದ ಅಡುಗೆಗೆ ಕೋಳಿ ತರುವುದು ಈಗ ಸರ್ವಸಾಮಾನ್ಯವಾದ ಸಂಗತಿ. ಅಂಗಡಿಯ ಮುಂದೆ ನಿಂತು "ಹೇಂಟೆಯನ್ನೇ ಕೊಡು, ಹುಂಜ ಬೇಡ" ಎಂದು ಕೇಳುವವರೂ, ಹುಂಜದ ಮಾಂಸ ಒರಟು, ಹೇಂಟೆಯದು ಮೃದು ಎಂದು ಹಿರಿಯರು ಹೇಳಿದ ಮಾತನ್ನು ಇಂದಿಗೂ ಪಾಲಿಸುವವರೂ ನಮ್ಮಲ್ಲಿ ಉಂಟು. ಇನ್ನು ಕೆಲವರು, ಹೆಣ್ಣುಮಕ್ಕಳಿರುವ ಮನೆಗೆ ಫಾರಂ ಕೋಳಿಯೇ ಕೂಡದು, ಅದಕ್ಕೆ ಹಾರ್ಮೋನಿನ ಸೂಜಿ ಚುಚ್ಚಿ ಬೆಳೆಸುತ್ತಾರೆ ಎಂದು ದೃಢವಾಗಿ ನಂಬಿದ್ದಾರೆ. ಈ ಎರಡೂ ನಂಬಿಕೆಗಳು ಮೇಲುನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಹುಟ್ಟಿರುವುದು ಒಂದೇ ಕಾರಣದಿಂದ. ಬ್ರಾಯ್ಲರ್ ಕೋಳಿಯಲ್ಲಿ ಗಂಡಿಗೂ ಹೆಣ್ಣಿಗೂ ಇರುವ ವ್ಯತ್ಯಾಸ ಯಾವುದು, ಎಷ್ಟು ಎಂಬುದನ್ನು ನಾವು ವಿಚಾರಿಸಿ ನೋಡಿಲ್ಲ. ಅದನ್ನು ಸರಿಯಾಗಿ ತಿಳಿದುಕೊಂಡಲ್ಲಿ ಅಂಗಡಿಯಲ್ಲಿ ನಾವು ಕೇಳಬೇಕಾದ ಪ್ರಶ್ನೆಯೇ ಬದಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸಸ್ಯಾಹಾರಿ ಬಾಂಧವರು ಬೇಕಾದರೆ ಮುಂದಿನ ಪುಟಕ್ಕೆ ಹೋಗಬಹುದು. ಆದರೆ ಭಯ ಮತ್ತು ಲೆಕ್ಕಾಚಾರಗಳ ವಿಷಯ ಯಾವುದೇ ಒಂದು ಅಡುಗೆಮನೆಗೆ ಸೇರಿದ್ದಲ್ಲವಾದ್ದರಿಂದ ಅವರೂ ಓದಿದರೆ ನಷ್ಟವಿಲ್ಲ.

ಊರಿನಲ್ಲಿ ಈ ಪ್ರಶ್ನೆಗೆ ಅರ್ಥವಿತ್ತು. ಉತ್ತರ ಕರ್ನಾಟಕದವರು ಜವಾರಿ ಎಂದೂ, ಹಳೆಯ ಮೈಸೂರಿನವರು ನಾಟಿ ಎಂದೂ, ಪುಣೆಯವರು ಗಾವರಾನ್ ಎಂದೂ ಕರೆಯುವ ಕೋಳಿಯನ್ನು ಹಿತ್ತಲಲ್ಲಿ ಸಾಕಿದ ಮನೆಯಲ್ಲಿ ಹೇಂಟೆಯೆಂದರೆ ಮೊಟ್ಟೆಯ ಆದಾಯ ಮತ್ತು ಮರಿಗಳ ತಾಯಿ. ಅದನ್ನು ಕೊಯ್ಯುವುದು ಮುದಿಯಾದ ಮೇಲೆಯೇ. ಹುಂಜವು ಬೀಗರ ಊಟಕ್ಕೆ, ಹರಕೆಗೆ, ತುಳುನಾಡಿನಲ್ಲಾದರೆ ಅಂಕಕ್ಕೆ. ವರ್ಷ ಬಲಿತ ಹುಂಜದ ಮಾಂಸ ಗಟ್ಟಿಯಾಗಿರುವುದು ಸಹಜ. ಆದರೆ ಬ್ರಾಯ್ಲರ್ ಕೋಳಿ ಅಂಗಡಿಗೆ ಬರುವುದು ಐದಾರು ವಾರಗಳ ಪ್ರಾಯದಲ್ಲಿ. ಆ ವಯಸ್ಸಿನಲ್ಲಿ ಹುಂಜ ಇನ್ನೂ ಕೂಗಲು ಕಲಿತಿರುವುದಿಲ್ಲ, ಹೇಂಟೆ ಮೊಟ್ಟೆಯಿಡಲು ಇನ್ನೂ ನಾಲ್ಕು ತಿಂಗಳಾದರೂ ಬೇಕು. ಗಾತ್ರದಲ್ಲಿ ದೊಡ್ಡವಾಗಿ ಕಂಡರೂ ಎರಡೂ ಬಾಲ್ಯದಲ್ಲಿಯೇ ಇರುವ ಪಕ್ಷಿಗಳು. ಹೀಗಿರುವಾಗ ಹುಂಜ ಒರಟು, ಹೇಂಟೆ ಮೃದು ಎಂಬ ಹಳೆಯ ಅನುಭವವನ್ನು ಇಲ್ಲಿಗೆ ತಂದು ಅನ್ವಯಿಸುವುದು ಸರಿಯಾಗದು.

ಈ ಕೋಳಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬಯಸುವವರು ದೂರ ಹೋಗಬೇಕಾಗಿಲ್ಲ. ಹಡಪಸರ ದಾಟಿ ದಿವೆ ಘಾಟು ಹತ್ತಿದರೆ ಸಾಸವಡ. ಜೆಜುರಿಯ ಖಂಡೋಬನ, ಎಂದರೆ ನಮ್ಮ ಮೈಲಾರಲಿಂಗನ, ದರ್ಶನಕ್ಕೆ ಹೋಗುವ ನಮ್ಮವರಲ್ಲಿ ಬಹುಜನರು ಈ ಊರನ್ನು ಹಾದು ಹೋಗಿರುತ್ತಾರೆ. ಕರ್ಹಾ ನದಿಯ ದಂಡೆಯ ಈ ಪಟ್ಟಣ ಸಂತ ಸೋಪಾನದೇವರ ಸಮಾಧಿಯಿಂದ ಪ್ರಸಿದ್ಧವಾದುದು. ಸುತ್ತಲಿನ ಪುರಂದರ ತಾಲೂಕು ಅಂಜೂರಕ್ಕೂ ಸೀತಾಫಲಕ್ಕೂ ಹೆಸರಾದುದು. ಆದರೆ ಇದು ಮಳೆನೆರಳಿನ ನಾಡು, ಬರ ಇಲ್ಲಿಗೆ ಹೊಸ ಅತಿಥಿಯಲ್ಲ. ಎಕರೆಗಟ್ಟಲೆ ಬೆಳೆಗೆ ಸಾಲದ ಬಾವಿಯ ನೀರು ಒಂದು ಕೋಳಿ ಶೆಡ್ಡಿಗೆ ಸಾಕಾಗುತ್ತದೆ; ಇಂತಹ ಸೀಮೆಯಲ್ಲಿ ಕೋಳಿ ಸಾಕಣೆ ಬೇರೂರಿದ್ದಕ್ಕೆ ಇದೊಂದು ಕಾರಣ. ಪುಣೆ ನಗರವೇ ಈ ಉದ್ಯಮದ ಒಂದು ರಾಜಧಾನಿ. 1971ರಲ್ಲಿ ವೆಂಕಟೇಶ್ವರ ಹ್ಯಾಚರೀಸ್ ಸ್ಥಾಪಿಸಿದ ಡಾ. ಬಿ. ವಿ. ರಾವ್ ಅವರ ಹೆಸರಿನ ಕೋಳಿ ಸಾಕಣೆಯ ಶಿಕ್ಷಣ ಸಂಸ್ಥೆಯು ಶಿಂದವಣೆ ಘಾಟಿನ ಆಚೆ ಉರುಳಿ ಕಾಂಚನದಲ್ಲಿದೆ. ಗಾಂಧೀಜಿಯವರು 1946ರಲ್ಲಿ ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿದ ಊರೂ ಅದೇ. ಒಂದೇ ಊರು ಎರಡು ಬಗೆಯ ಆಹಾರ ವಿಚಾರಗಳಿಗೆ ಆಶ್ರಯ ಕೊಟ್ಟಿರುವುದು ಸ್ವಾರಸ್ಯಕರವಾಗಿದೆ.

ಇಂದು ಬ್ರಾಯ್ಲರ್ ಸಾಕಣೆ ಬಹುಮಟ್ಟಿಗೆ ಗುತ್ತಿಗೆಯ ಪದ್ಧತಿಯಲ್ಲಿ ನಡೆಯುತ್ತದೆ. ಕಂಪನಿಯು ಒಂದು ದಿನದ ಮರಿ, ಮೇವು, ಔಷಧಗಳನ್ನು ಒದಗಿಸುತ್ತದೆ. ರೈತನು ಶೆಡ್ಡು, ನೀರು, ವಿದ್ಯುತ್ತು, ನೆಲಕ್ಕೆ ಹಾಸುವ ಹೊಟ್ಟು ಮತ್ತು ತನ್ನ ಕುಟುಂಬದ ದುಡಿಮೆಯನ್ನು ಒದಗಿಸುತ್ತಾನೆ. ಕೊನೆಗೆ ಬೆಳೆಸಿದ ತೂಕದ ಮೇಲೆ, ಕಿಲೋವೊಂದಕ್ಕೆ ಇಷ್ಟು ಎಂದು ಕೂಲಿ. ತಿನ್ನಿಸಿದ ಮೇವಿಗೆ ತಕ್ಕ ತೂಕ ಬಾರದಿದ್ದರೆ, ಸತ್ತ ಕೋಳಿಗಳ ಸಂಖ್ಯೆ ಹೆಚ್ಚಾದರೆ, ಆ ಕೂಲಿಯಲ್ಲಿ ಕಡಿತ. ಆದ್ದರಿಂದ ಹುಂಜವೋ ಹೇಂಟೆಯೋ ಎಂಬ ಪ್ರಶ್ನೆ ನಮಗಿಂತ ಹೆಚ್ಚಾಗಿ ಆ ರೈತನಿಗೆ ಸೇರಿದ್ದು.

ಮರಿಯ ಲಿಂಗ ಗೊತ್ತಾಗುವ ಬಗೆಯನ್ನು ಮೊದಲು ಹೇಳಬೇಕು. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜಾಣುವಿನಿಂದ ನಿರ್ಧಾರವಾದರೆ, ಪಕ್ಷಿಗಳಲ್ಲಿ ಅದು ತಾಯಿಯ ಅಂಡಾಣುವಿನಿಂದ ನಿರ್ಧಾರವಾಗುತ್ತದೆ. (ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಯ ವಾದ ಕೋಳಿಗೂಡಿನಲ್ಲಾದರೆ ಸರಿಯಾದೀತು, ಮನೆಯಲ್ಲಿ ಅಲ್ಲ.) ಒಂದು ದಿನದ ಮರಿಯ ಗುದದ್ವಾರವನ್ನು ಪರೀಕ್ಷಿಸಿ ಗಂಡು ಹೆಣ್ಣು ಗುರುತಿಸುವ ವಿಧಾನವನ್ನು 1920ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಬೆಳಕಿಗೆ ತಂದರು. ಕೆಲವು ತಳಿಗಳಲ್ಲಿ ರೆಕ್ಕೆಯ ಪುಕ್ಕಗಳನ್ನು ನೋಡಿಯೇ ಹೇಳಬಹುದು: ಹೆಣ್ಣುಮರಿಯಲ್ಲಿ ಮುಖ್ಯ ಪುಕ್ಕಗಳು ಮೇಲ್ಹೊದಿಕೆಯ ಪುಕ್ಕಗಳಿಗಿಂತ ಉದ್ದವಾಗಿರುತ್ತವೆ, ಗಂಡುಮರಿಯಲ್ಲಿ ಎರಡೂ ಸಮ, ಅಥವಾ ಮುಖ್ಯ ಪುಕ್ಕಗಳೇ ಗಿಡ್ಡ. ಮೊಟ್ಟೆಯ ತಳಿಗಳಲ್ಲಿ ಈ ವಿಂಗಡಣೆ ಮರಿಯ ಪಾಲಿಗೆ ಜೀವನ್ಮರಣದ ವಿಚಾರ. ಅಲ್ಲಿ ಗಂಡುಮರಿಯಿಂದ ಮೊಟ್ಟೆಯೂ ಇಲ್ಲ, ಲಾಭಕರವಾದ ಮಾಂಸವೂ ಇಲ್ಲವೆಂದು ಹುಟ್ಟಿದ ದಿನವೇ ಅದನ್ನು ಕೊಲ್ಲುವುದು ಜಗತ್ತಿನಾದ್ಯಂತ ರೂಢಿ; 2022ರ ಆರಂಭದಿಂದ ಜರ್ಮನಿ ಇದನ್ನು ಕಾನೂನಿನಿಂದ ನಿಷೇಧಿಸಿದೆ. ನಮ್ಮ ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಕ್ಕಳಿಗೆ ಮಾರುವ ಮರಿಗಳು ಬಹುಮಟ್ಟಿಗೆ ಇಂತಹ ಬೇಡವಾದ ಗಂಡುಗಳೇ. ಬ್ರಾಯ್ಲರ್ ತಳಿಯಲ್ಲಿ ಇದರ ತದ್ವಿರುದ್ಧ: ಅಲ್ಲಿ ಗಂಡೇ ಹೆಚ್ಚು ಗಳಿಸಿಕೊಡುವ ಕೂಸು.

ಮೊಟ್ಟೆಯೊಡೆದು ಬಂದಾಗ ಗಂಡೂ ಹೆಣ್ಣೂ ಸುಮಾರು 40 ಗ್ರಾಂ ತೂಗುತ್ತವೆ. ಮೊದಲ ಒಂದೆರಡು ವಾರ ತಕ್ಕಡಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಮೂರನೆಯ ವಾರದಿಂದ ಗಂಡು ಮುಂದೆ ಸಾಗುತ್ತದೆ, ದಿನ ಕಳೆದಂತೆ ಅಂತರ ಅಗಲವಾಗುತ್ತದೆ. ಆರು ವಾರಗಳಾಗುವಾಗ ಗಂಡಿನ ತೂಕ ಹೆಣ್ಣಿನದಕ್ಕಿಂತ ಸಾಮಾನ್ಯವಾಗಿ ಶೇಕಡಾ 15ರಿಂದ 20ರಷ್ಟು ಹೆಚ್ಚು. ಒಂದೇ ಶೆಡ್ಡಿನಲ್ಲಿ, ಒಂದೇ ಮೇವು ತಿಂದು, ಒಂದೇ ನೀರು ಕುಡಿದ ಜೋಡಿಯಲ್ಲಿ ಹುಂಜ 2 ಕಿಲೋ 400 ಗ್ರಾಂ ತೂಗಿದರೆ ಹೇಂಟೆ 2 ಕಿಲೋ 50 ಗ್ರಾಂ ತೂಗಿತೆಂದು ಇಟ್ಟುಕೊಳ್ಳಬಹುದು. ಗಂಡು ಮೇವು ಹೆಚ್ಚು ತಿನ್ನುತ್ತದೆ ನಿಜ. ಆದರೆ ಬೆಳೆದ ಪ್ರತಿ ಕಿಲೋಗೆ ಅದು ತಿಂದ ಮೇವು ಹೆಣ್ಣಿನದಕ್ಕಿಂತ ಕಡಿಮೆಯೇ. ಇದರ ಗುಟ್ಟು ಕೊಬ್ಬಿನಲ್ಲಿದೆ. ಮಾಂಸಖಂಡದ ಮುಕ್ಕಾಲು ಪಾಲು ನೀರು. ಅದನ್ನು ಬೆಳೆಸಲು ತಗಲುವ ಮೇವು ಮಿತ. ಕೊಬ್ಬಿನಲ್ಲಿ ನೀರಿನಂಶ ಅತ್ಯಲ್ಪ. ಅದನ್ನು ಕೂಡಿಸಲು ಶಕ್ತಿ ಬಹಳ ಬೇಕು. ಮುಂದೆ ಮೊಟ್ಟೆಯಿಡಬೇಕಾದ ಹೆಣ್ಣು ಬೇಗನೆ ಕೊಬ್ಬನ್ನು ಕೂಡಿಡತೊಡಗುತ್ತದೆ, ಗಂಡು ಮೂಳೆ ಮಾಂಸಗಳನ್ನೇ ಬೆಳೆಸುತ್ತ ಹೋಗುತ್ತದೆ.

ಕೊಯ್ದು ಶುದ್ಧಮಾಡಿದ ಮೇಲೆ ಈ ವ್ಯತ್ಯಾಸ ಗೃಹಿಣಿಯ ಪಾತ್ರೆಗೆ ಎಷ್ಟು ಬರುತ್ತದೆ? ಜೀವಂತ ತೂಕದಲ್ಲಿ ಶೇಕಡಾ 70ರಷ್ಟು ಮಾಂಸ ಸಿಗುವುದೆಂದು ಲೆಕ್ಕ ಹಿಡಿದರೆ, ಮೇಲೆ ಹೇಳಿದ ಹುಂಜದಿಂದ 1,680 ಗ್ರಾಂ, ಹೇಂಟೆಯಿಂದ 1,435 ಗ್ರಾಂ. ಆದರೆ ನಾವು ಹಣ ಕೊಡುವುದು ತೂಕಕ್ಕೆ, ತಲೆಯೆಣಿಕೆಗಲ್ಲ. ಶುದ್ಧಮಾಡಿದ ಮೇಲೆ ಉಳಿಯುವ ಪಾಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಕೊಳ್ಳುವವನಿಗೆ ಹುಂಜದಿಂದ ಲಾಭವೂ ಇಲ್ಲ, ಹೇಂಟೆಯಿಂದ ನಷ್ಟವೂ ಇಲ್ಲ. ಭಾಗಗಳಲ್ಲಿ ಮಾತ್ರ ಸ್ವಲ್ಪ ಅಂತರವುಂಟು. ಎದೆಯ ಮಾಂಸದ ಪಾಲು ಹೇಂಟೆಯಲ್ಲಿ ಹುಂಜದಷ್ಟೇ, ಅಥವಾ ತುಸು ಹೆಚ್ಚು. ಕಾಲಿನ ಪಾಲು ಹುಂಜದಲ್ಲಿ ತುಸು ಹೆಚ್ಚು. ಹೊಟ್ಟೆಯೊಳಗಿನ ಹಳದಿ ಕೊಬ್ಬಿನ ಮುದ್ದೆ ಹೇಂಟೆಯಲ್ಲಿ ದೊಡ್ಡದು. ಆ ಮುದ್ದೆಯನ್ನು ಚಾಕುವಿನ ಒಂದೇ ಎಳೆತದಲ್ಲಿ ತೆಗೆದುಹಾಕಬಹುದು, ಚರ್ಮವನ್ನೂ ಸುಲಿಸಬಹುದು. ಹೃದ್ರೋಗದ ಭಯವಿರುವವರಿಗೆ ಹುಂಜ ಹೇಂಟೆಗಳ ಆಯ್ಕೆಗಿಂತ ಈ ಎರಡು ಕೆಲಸಗಳೇ ನೂರುಪಾಲು ಪ್ರಯೋಜನಕಾರಿ. ಚರ್ಮ ಸುಲಿದ ಎದೆಯ ಹಸಿ ಮಾಂಸದ 100 ಗ್ರಾಮಿನಲ್ಲಿ 22 ಗ್ರಾಂ ಆಸುಪಾಸಿನ ಪ್ರೋಟೀನು ಇರುತ್ತದೆ. ಈ ವಿಷಯದಲ್ಲಿ ಗಂಡು ಹೆಣ್ಣುಗಳಿಗೆ ಗಣನೀಯವಾದ ಭೇದವಿಲ್ಲ.

ಹಾಗಾದರೆ ಈ ವ್ಯತ್ಯಾಸದಿಂದ ಲಾಭನಷ್ಟ ಯಾರಿಗೆ? ಸಾಸವಡದ ಕಡೆಯ ಒಬ್ಬ ಸಾಕಣೆದಾರನಿಗೆ 5,000 ಮರಿಗಳು ಬಂದುವೆಂದೂ, ಈ ಬಾರಿ ಹೆಣ್ಣುಮರಿಗಳೇ ಹೆಚ್ಚು ಬಂದವೆಂದು ಅವನು ದೂರಿದನೆಂದೂ ಭಾವಿಸೋಣ. ಅದು ದೈವಯೋಗ ಎಂದು ಸಮಾಧಾನ ಹೇಳುವುದು ಸುಲಭ. ಆದರೆ ಗಣಿತಶಾಸ್ತ್ರ ಬೇರೆಯೇ ಹೇಳುತ್ತದೆ. ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಏಳು ಸಲ ತಲೆ ಬೀಳಬಹುದು. 5,000 ಸಲ ಚಿಮ್ಮಿದರೆ 2,600 ಸಲ ತಲೆ ಬೀಳುವುದೂ ಅಪರೂಪ. ವಿಂಗಡಿಸದ ಮರಿಗಳಲ್ಲಿ ಗಂಡು ಹೆಣ್ಣುಗಳು ಸರಿಸುಮಾರು ಅರ್ಧರ್ಧವಾಗಿರಲೇಬೇಕು. 3,000 ಹೆಣ್ಣು, 2,000 ಗಂಡು ಬಂದಿದ್ದಲ್ಲಿ ಅದು ವಿಧಿಯ ಆಟವಲ್ಲ, ಮರಿಗಳನ್ನು ಮೊದಲೇ ಯಾರೋ ಆರಿಸಿದ್ದಾರೆಂದೇ ಅರ್ಥ. ಹಾಗಾದಾಗ ಐನೂರು ಹುಂಜಗಳ ಜಾಗದಲ್ಲಿ ಐನೂರು ಹೇಂಟೆಗಳು. ಒಂದೊಂದಕ್ಕೆ 350 ಗ್ರಾಂ ಕಡಿಮೆಯಾಗಿ ಒಟ್ಟು 175 ಕಿಲೋ ತೂಕ ಖೋತಾ, ಅದರ ಜೊತೆಗೆ ಮೇವಿನ ಲೆಕ್ಕದಲ್ಲಿಯೂ ಹಿನ್ನಡೆ. ಅವನ ದುಡಿಮೆಯಲ್ಲಿ ಲೋಪವಿಲ್ಲದಿದ್ದರೂ ಕೂಲಿ ಕಡಿತ ಅವನಿಗೇ.

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬುದು ಗಾದೆ. ಗುತ್ತಿಗೆಯಲ್ಲಿ ಕೋಳಿ ಸಾಕಿದವನನ್ನೂ ಕೇಳುವವರಿಲ್ಲ. ಮರಿ ಕೊಡುವಾಗ ಅವು ವಿಂಗಡಿಸಿದವೋ ಅಲ್ಲವೋ ಎಂಬುದನ್ನು ಕರಾರಿನಲ್ಲಿ ಬರೆಯಬೇಕು. ವಿಂಗಡಿಸಿದವಾದರೆ ಹೆಣ್ಣಿಗೂ ಗಂಡಿಗೂ ಬೇರೆ ಗುರಿತೂಕ ಇರಬೇಕು. ಕೋಳಿಗಳನ್ನು ಲಾರಿಗೆ ತುಂಬುವಾಗ ಎಣಿಸುವುದೇನೂ ಕಷ್ಟವಲ್ಲ. ಐದಾರು ವಾರದ ಹುಂಜದ ಜುಟ್ಟು ದೊಡ್ಡದು, ಕೆಂಪು ಹೆಚ್ಚು, ಕಾಲು ದಪ್ಪ. ಅನುಭವವುಳ್ಳ ಕಣ್ಣಿಗೆ ಸಂಶಯ ಬಾರದು. ಗಂಡು ಹೆಣ್ಣುಗಳನ್ನು ಬೇರೆಬೇರೆಯಾಗಿಯೇ ಸಾಕಿದರೆ ಇನ್ನೂ ಉತ್ತಮ ಎಂಬ ವಾದವೂ ಇದೆ. ಹೆಣ್ಣಿಗೆ ತುಸು ಕಡಿಮೆ ಪ್ರೋಟೀನಿನ ಮೇವು ಸಾಕು, ಅದನ್ನು ಬೇಗ ಮಾರಬಹುದು. ಗಂಡನ್ನು ಇನ್ನೊಂದು ವಾರ ಬೆಳೆಸಿ ತುಂಡುಮಾಡಿ ಮಾರುವ ಕಾರ್ಖಾನೆಗೆ ಕಳುಹಿಸಬಹುದು. ಕೋಳಿಯನ್ನು ಯಂತ್ರದಲ್ಲಿ ಶುದ್ಧಮಾಡಿ ಪೊಟ್ಟಣದಲ್ಲಿ ಮಾರುವ ದೇಶಗಳಲ್ಲಿ ಇದಕ್ಕೆ ಬೆಲೆಯಿದೆ. ಜೀವಂತ ಕೋಳಿಯನ್ನು ಕಣ್ಣೆದುರಿಗೇ ತೂಗಿಸಿ ಕೊಳ್ಳುವ ನಮ್ಮ ಪೇಟೆಗೆ ಎಲ್ಲ ಗಾತ್ರದ ಕೋಳಿಯೂ ಬೇಕಾಗಿರುವುದರಿಂದ ಆ ಖರ್ಚು ಇಲ್ಲಿ ಸದ್ಯಕ್ಕೆ ಗಿಟ್ಟುವಂತೆ ಕಾಣುವುದಿಲ್ಲ.

ಗಂಡಿನ ಈ ವೇಗದ ಬೆಳವಣಿಗೆ ಅದಕ್ಕೇ ಪುಕ್ಕಟೆಯಾಗಿ ಬಂದುದಲ್ಲ. ಕಾಲು ಸೋಲುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಚೆನ್ನಾಗಿದ್ದ ಕೋಳಿ ರೆಕ್ಕೆ ಬಡಿದು ಅಂಗಾತ ಬಿದ್ದು ಸಾಯುವುದು, ಇವೆಲ್ಲ ಹುಂಜಗಳಲ್ಲಿಯೇ ಹೆಚ್ಚು. ಮೈ ಬೆಳೆದ ವೇಗಕ್ಕೆ ಹೃದಯ, ಶ್ವಾಸಕೋಶಗಳು ಸಾಟಿಯಾಗುವುದಿಲ್ಲ. ಬೇಸಗೆಯ ಸೆಕೆಗೆ ಮೊದಲು ಬಲಿಯಾಗುವುವೂ ಭಾರದ ಕೋಳಿಗಳೇ. ಎದೆಯ ಮಾಂಸದ ಮೇಲೆ ಬಿಳಿಯ ಗೆರೆಗಳು ಕಾಣಿಸಿದರೆ ಕೆಲವು ಗೃಹಿಣಿಯರು ಹುಳುವೆಂದು ಗಾಬರಿಪಡುವುದುಂಟು. ಅದು ಹುಳುವಲ್ಲ, ತೀರ ವೇಗವಾಗಿ ಬೆಳೆದ ಮಾಂಸಖಂಡ ಅಲ್ಲಲ್ಲಿ ಸವೆದು ಆ ಜಾಗದಲ್ಲಿ ಕೊಬ್ಬು ತುಂಬಿದುದರ ಗುರುತು. ತಿಂದರೆ ಅಪಾಯವಿಲ್ಲ, ಆದರೆ ಪ್ರೋಟೀನು ಕಡಿಮೆ, ಕೊಬ್ಬು ಹೆಚ್ಚು. ಇದು ಕೂಡ ಭಾರದ ಹುಂಜಗಳಲ್ಲಿ ಹೆಚ್ಚಾಗಿ ಕಾಣುವ ದೋಷ.

ಇನ್ನು ಹಾರ್ಮೋನಿನ ಮಾತು. ಇದು ಬರೀ ಕಟ್ಟುಕಥೆಯಲ್ಲ, ಇದಕ್ಕೊಂದು ಇತಿಹಾಸವಿದೆ. ಆ ಇತಿಹಾಸ ನಮ್ಮ ವಿಷಯಕ್ಕೇ ಸೇರಿದ್ದು. ಹಿಂದೆ ಯೂರೋಪು ಅಮೆರಿಕಗಳಲ್ಲಿ ಹುಂಜದ ಬೀಜ ತೆಗೆಸಿ, ಅದರ ಮಾಂಸ ಹೇಂಟೆಯದರಂತೆ ಮೃದುವೂ ಕೊಬ್ಬಿನಿಂದ ಕೂಡಿದ್ದೂ ಆಗುವಂತೆ ಬೆಳೆಸುವ ಪದ್ಧತಿ ಇತ್ತು. ಆ ಶಸ್ತ್ರಚಿಕಿತ್ಸೆಯ ಬದಲು ಡೈಇಥೈಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನಿನ ಗುಳಿಗೆಯನ್ನು ಹುಂಜದ ಕತ್ತಿನ ಚರ್ಮದಡಿಯಲ್ಲಿ ಹುದುಗಿಸಲು ಅಮೆರಿಕದಲ್ಲಿ 1947ರಲ್ಲಿ ಅನುಮತಿ ದೊರೆಯಿತು. ಹೀಗೆ ಬೆಳೆಸಿದ ಕೋಳಿಗಳ ತಲೆ ಕತ್ತುಗಳನ್ನು ತಿಂದ ಮಿಂಕ್ ಎಂಬ ತುಪ್ಪಳದ ಪ್ರಾಣಿಗಳು ಮರಿಹಾಕದೆ ಹೋದಾಗ ಸಾಕಣೆದಾರರು ಕೂಗೆಬ್ಬಿಸಿದರು. 1959ರಲ್ಲಿ ಕೋಳಿಗೆ ಅದರ ಬಳಕೆ ಅಲ್ಲಿ ನಿಂತುಹೋಯಿತು. ಗುಳಿಗೆ ಹೋಯಿತು, ಭಯ ಮಾತ್ರ ಉಳಿಯಿತು. ಆ ಗುಳಿಗೆಯ ಮುಖ್ಯ ಉದ್ದೇಶ ಹುಂಜಕ್ಕೆ ಹೇಂಟೆಯ ಕೊಬ್ಬನ್ನೂ ಮೃದುತ್ವವನ್ನೂ ತರುವುದಾಗಿತ್ತು ಎಂಬುದನ್ನು ಗಮನಿಸಬೇಕು. ಆರು ವಾರಕ್ಕೇ ಮಾರಾಟವಾಗುವ ಎಳೆಯ ಕೋಳಿಗೆ ಅಂತಹುದರ ಅಗತ್ಯವೇ ಇಲ್ಲ.

ಹಾಗಾದರೆ ಇಷ್ಟು ಬೇಗ ಬೆಳೆಯುವುದು ಹೇಗೆ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಮತ್ತು 1978ರ ತಳಿಗಳನ್ನು ಬದಲಾವಣೆಯಾಗದಂತೆ ಕಾಪಾಡಿಕೊಂಡು ಬಂದು, 2005ರ ವಾಣಿಜ್ಯ ತಳಿಯೊಡನೆ ಒಂದೇ ಮೇವಿನಲ್ಲಿ ಬೆಳೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಗಳಲ್ಲಿ 1957ರ ತಳಿ 905 ಗ್ರಾಂ, 1978ರದು 1,808 ಗ್ರಾಂ, 2005ರದು 4,202 ಗ್ರಾಂ ತೂಗಿದವು. ಮೇವು ಒಂದೇ ಆಗಿದ್ದಮೇಲೆ ಈ ಅಂತರ ತಲೆಮಾರುಗಳ ತಳಿ ಆಯ್ಕೆಯ ಫಲವೆನ್ನದೆ ಗತಿಯಿಲ್ಲ. ಬೆಳವಣಿಗೆಯ ಹಾರ್ಮೋನು ಒಂದು ಪ್ರೋಟೀನು. ಮೇವಿನಲ್ಲಿ ಕೊಟ್ಟರೆ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಸೂಜಿಯಿಂದ ಕೊಡಬೇಕಾದರೆ 5,000 ಕೋಳಿಗಳನ್ನು ಪ್ರತಿದಿನ ಹಿಡಿದು ಚುಚ್ಚಬೇಕು. ಕಿಲೋಗೆ ಕೆಲವೇ ರೂಪಾಯಿ ಕೂಲಿ ಕಾಣುವ ರೈತನಿಗೆ ಇದು ಸಾಧ್ಯವೇ? ಶೆಡ್ಡಿನಲ್ಲಿ ಸೂಜಿ ಕಂಡವರು ಕಂಡಿರುವುದು ಬಹುಶಃ ಲಸಿಕೆಯನ್ನು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯನ್ನು ನಮ್ಮ ರೈತರು ಹಿತ್ತಲಲ್ಲಿ ಸಾಕುತ್ತಾರೆ; ಅಲ್ಲಿಯೂ ಹುಂಜವೇ ಹೇಂಟೆಗಿಂತ ಭಾರ. ಜವಾರಿಯಲ್ಲಿಯೂ ಹಾಗೆಯೇ. ಆ ಅಂತರ ಕೋಳಿಯ ಹುಟ್ಟುಗುಣ. ಹೆಣ್ಣುಮಕ್ಕಳು ಹಿಂದಿಗಿಂತ ಬೇಗ ಮೈನೆರೆಯುತ್ತಿರುವುದೇನೋ ನಿಜ. ಆದರೆ ಯೂರೋಪಿನಲ್ಲಿ 16-17ರಷ್ಟಿದ್ದ ಆ ವಯಸ್ಸು 13ರ ಆಸುಪಾಸಿಗೆ ಇಳಿಯತೊಡಗಿದ್ದು 19ನೆಯ ಶತಮಾನದಲ್ಲಿ, ಬ್ರಾಯ್ಲರ್ ಎಂಬ ಕೋಳಿ ಹುಟ್ಟುವುದಕ್ಕೆ ಬಹಳ ಮೊದಲೇ. ಹೊಟ್ಟೆತುಂಬ ಆಹಾರ, ಈಚೆಗೆ ಮಕ್ಕಳ ಮೈತೂಕದ ಹೆಚ್ಚಳ, ಇವು ಅದರೊಂದಿಗೆ ಸಂಬಂಧವಿರುವ ಸಂಗತಿಗಳು.

ಇಲ್ಲದ ಹಾರ್ಮೋನಿಗೆ ಹೆದರುವ ನಾವು ಇರುವ ಅಪಾಯವನ್ನು ವಿಚಾರಿಸುವುದಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2014ರಲ್ಲಿ ದೆಹಲಿ ಪ್ರದೇಶದ 70 ಕೋಳಿ ಮಾಂಸದ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಶೇಕಡಾ 40ರಲ್ಲಿ ಪ್ರತಿಜೀವಕ ಔಷಧಗಳ ಶೇಷವಿತ್ತೆಂದು ಪ್ರಕಟಿಸಿತು. ಮನುಷ್ಯರಲ್ಲಿ ಬೇರೆ ಔಷಧಗಳು ಸೋತಾಗ ಕೊನೆಯ ಅಸ್ತ್ರವಾಗಿ ವೈದ್ಯರು ಬಳಸುವ ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮುಂತಾದ ಆಹಾರ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿತು. ಇಂತಹ ಔಷಧಗಳ ದುರ್ಬಳಕೆಯಿಂದ ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ; ಅದರ ಬೆಲೆಯನ್ನು ಕೋಳಿ ತಿನ್ನದವರೂ ಆಸ್ಪತ್ರೆಯಲ್ಲಿ ತೆರಬೇಕಾಗುತ್ತದೆ. ಔಷಧ ಕೊಟ್ಟ ಮೇಲೆ ಕೋಳಿಯನ್ನು ಕೊಯ್ಯುವ ಮುನ್ನ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿದೆ. ಆದರೆ ಶೆಡ್ಡಿನಲ್ಲಿ ಔಷಧವನ್ನು ಕುಡಿಯುವ ನೀರಿನಲ್ಲಿ ಬೆರೆಸಿ ಎಲ್ಲ ಕೋಳಿಗಳಿಗೂ ಒಟ್ಟಿಗೇ ಕೊಡುತ್ತಾರೆ, ಕೋಳಿಗಳನ್ನು ಮಾತ್ರ ಗಾತ್ರ ನೋಡಿ ಕಂತುಕಂತಾಗಿ ಸಾಗಿಸುತ್ತಾರೆ. ಕಾಯಬೇಕಾದ ಅವಧಿ ಎಲ್ಲಿ ತಪ್ಪೀತೆಂದರೆ ಇಲ್ಲಿಯೇ. ಬೇಯಿಸಿದರೆ ಎಲ್ಲ ಶೇಷವೂ ನಾಶವಾದೀತೆಂಬ ಭರವಸೆಯೂ ಇಲ್ಲ.

ಆದುದರಿಂದ ಅಂಗಡಿಯವನನ್ನು ಕೇಳುವುದಾದರೆ ಹುಂಜವೋ ಹೇಂಟೆಯೋ ಎಂದಲ್ಲ. ಎಷ್ಟು ದಿನದ ಕೋಳಿ, ಎಲ್ಲಿಯ ಶೆಡ್ಡಿನದು, ಔಷಧ ನಿಂತು ಎಷ್ಟು ದಿನವಾಯಿತು ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಅವನಲ್ಲಿ ಉತ್ತರವಿರುವುದು ಕಡಿಮೆ. ಆದರೂ ನಮ್ಮ ಸಂಘದಂತಹ ಸಂಸ್ಥೆಗಳು ವಾರ್ಷಿಕೋತ್ಸವದ ಊಟಕ್ಕೆ ಒಟ್ಟಾಗಿ ಕೊಳ್ಳುವಾಗ ಆ ಉತ್ತರವನ್ನು ಬರಹದಲ್ಲಿ ಕೇಳುವುದು ಅಸಾಧ್ಯವೇನಲ್ಲ. ನಾಲ್ಕು ಜನರ ಕುಟುಂಬಕ್ಕೆ ಎರಡು ಕಿಲೋ ಒಳಗಿನ ಕೋಳಿ ಧಾರಾಳವಾಗಿ ಸಾಕು. ಒಂದೇ ತಂಡದ ಕೋಳಿಗಳಲ್ಲಿ ಚಿಕ್ಕದನ್ನು ಆರಿಸಿದರೆ ಕೇಳದೆಯೇ ಬಹುಮಟ್ಟಿಗೆ ಹೇಂಟೆಯೇ ಸಿಕ್ಕಿರುತ್ತದೆ. ಹೇಂಟೆಯೇ ಬೇಕೆಂಬ ಹಿರಿಯರಿಗೂ ಸಮಾಧಾನ.

ಆಷಾಢದ ವಾರಿಯ ಕಾಲದಲ್ಲಿ ಜ್ಞಾನೇಶ್ವರರ ಪಾಲಕಿ ಸಾಸವಡದಲ್ಲಿ ತಂಗುತ್ತದೆ, ಅದರ ಬೆನ್ನಿಗೇ ಶ್ರಾವಣ ಬರುತ್ತದೆ. ಆ ತಿಂಗಳು ಪುಣೆಯ ಅನೇಕ ಮನೆಗಳಲ್ಲಿ ಮಾಂಸವಿಲ್ಲ. ಬೇಡಿಕೆ ಕುಗ್ಗಿ ದರ ಇಳಿಯುತ್ತದೆ, ಮಾರಾಟವಾಗದ ಕೋಳಿಗಳು ಕೆಲವೊಮ್ಮೆ ಶೆಡ್ಡಿನಲ್ಲಿಯೇ ಉಳಿದು ಬೆಳೆಯುತ್ತ ಹೋಗುತ್ತವೆ. ಹಬ್ಬ ಮುಗಿದ ಮೇಲೆ ಅಂಗಡಿಯಲ್ಲಿ ಮೂರು ಕಿಲೋ ದಾಟಿದ ಹುಂಜಗಳು ಕಂಡರೆ, ದರ ಅಗ್ಗವೆಂದು ಮನಸೋಲದೆ, ಪಕ್ಕದ ಬುಟ್ಟಿಯಲ್ಲಿರುವ ಚಿಕ್ಕದನ್ನು ತೂಗಲು ಹೇಳಿರಿ. ಹೊಟ್ಟೆಯೊಳಗಿನ ಹಳದಿ ಮುದ್ದೆಯನ್ನು ನಿಮ್ಮೆದುರಿಗೇ ತೆಗೆಸಿರಿ.